ಪಾವಣ್ಯಾನ ಕುರ್ಚಿ

ಭಜನೆ ಮುಗಿಯಿತು, ಆದರೆ ಆರತಿ ತಟ್ಟೆ ಬರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೇ ಬಲಗೈ ಚಾಚಿದ್ದೆ. ಬಸವಕಲ್ಯಾಣದ ಕಡೆಯ ನಮ್ಮ ಹಳ್ಳಿಯ ಮಠದಲ್ಲಿ ಭಜನೆಯ ಕೊನೆಗೆ ಆರತಿ, ಅದರ ಹಿಂದೆ ವಿಭೂತಿ, ಅದರ ಹಿಂದೆ ಕೊಬ್ಬರಿ ಸಕ್ಕರೆ ಬರುತ್ತವೆ. ಇಲ್ಲಿ ಏನೂ ಬರಲಿಲ್ಲ. ಕಣ್ಣು ತೆರೆದು ನೋಡಿದೆ. ದೇವರ ಪಟ ಇರಬೇಕಾದ ಗೋಡೆಯ ಮೇಲೆ ಒಂದು ಮರದ ಶಿಲುಬೆ ಇತ್ತು. ಅದರ ಕೆಳಗೆ ಕುಳಿತ ಹತ್ತು ಹನ್ನೆರಡು ಜನ ನನ್ನ ಚಾಚಿದ ಕೈಯನ್ನೇ ನೋಡುತ್ತಿದ್ದರು.

ನಾನು ನಾಶಿಕಕ್ಕೆ ಬಂದು ಆಗ ಒಂದು ತಿಂಗಳೂ ಆಗಿರಲಿಲ್ಲ. ಸಂಜೆ ತಿರುಗಾಡಲು ಹೋದವನಿಗೆ ಒಂದು ಹಳೆಯ ಕಲ್ಲಿನ ಕಟ್ಟಡದಿಂದ ಹಾರ್ಮೋನಿಯಂ ಮತ್ತು ತಾಳದ ಸದ್ದು ಕೇಳಿತು. ಬಾಗಿಲ ಬಳಿ ಚಪ್ಪಲಿಗಳು, ಒಳಗೆ ನೆಲಕ್ಕೆ ಹಾಸಿದ ಸತರಂಜಿ, ಮರಾಠಿ ಅಭಂಗದ ಅದೇ ನಡೆ, ಒಬ್ಬರು ಹೇಳಿದ್ದನ್ನು ಉಳಿದವರು ತಿರುಗಿ ಹೇಳುವ ಅದೇ ರೀತಿ. ವಿಠ್ಠಲನ ಭಜನೆ ಎಂದುಕೊಂಡು ಹೋಗಿ ಕಂಬಕ್ಕೆ ಒರಗಿ ಕುಳಿತುಬಿಟ್ಟೆ. ಪದಗಳ ಕಡೆ ಲಕ್ಷ್ಯ ಕೊಡಲಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತಾ ಹೋದೆ. ಹಾಡಿನಲ್ಲಿ ಯೇಸುವಿನ ಹೆಸರು ಎಷ್ಟು ಸಲ ಬಂದಿರಬಹುದು, ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ನಾನು ಗಡಬಡಿಸಿ ಏಳುವಾಗ ಹಾರ್ಮೋನಿಯಂ ಮುಂದೆ ಕುಳಿತಿದ್ದ ಹೆಂಗಸು ನಕ್ಕರು. ನನ್ನ ವಯಸ್ಸಿನವರೇ, ಬಿಳಿ ಕೂದಲು, ದಪ್ಪ ಕನ್ನಡಕ. "ಅಪ್ಪಾ, ಹೀಗೆ ಬಡಿದರೆ ತೊಡೆ ಒಡೆದು ಹೋದೀತು. ಅಗೋ ಅಲ್ಲಿ ಪಖವಾಜ ಇದೆ, ಅದಕ್ಕೆ ಬಡೀರಿ" ಎಂದರು ಮರಾಠಿಯಲ್ಲಿ. ಹಣೆಯ ವಿಭೂತಿ ನೋಡಿಯೇ ಅಪ್ಪಾ ಎಂದಿದ್ದರು. ಮಹಾರಾಷ್ಟ್ರದಲ್ಲಿ ಲಿಂಗಾಯತ ಹಿರಿಯರನ್ನು ಎಲ್ಲರೂ ಹಾಗೆಯೇ ಕರೆಯುತ್ತಾರೆ. ಮೂಲೆಯಲ್ಲಿ ಗವಸು ಹಾಕಿದ ಪಖವಾಜ, ನಮ್ಮ ಮೃದಂಗದಂಥದ್ದು, ಇತ್ತು. ಅದನ್ನು ಬಾರಿಸುತ್ತಿದ್ದ ಮೇಷ್ಟ್ರು ಮಗಳ ಮನೆಗೆಂದು ಪುಣೆಗೆ ಹೋದ ಮೇಲೆ ಯಾರೂ ಮುಟ್ಟಿರಲಿಲ್ಲವಂತೆ.

ನಾನೂ ಮಗಳ ಮನೆಗೇ ಬಂದವನು. ಮ್ಯಾಟ್ರಿಕ್ ಮುಗಿಸಿ ಔರಂಗಾಬಾದಿಗೆ ಹೋಗಿ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದವನು, ಆ ಊರಿಗೆ ಛತ್ರಪತಿ ಸಂಭಾಜಿನಗರ ಎಂದು ಹೆಸರಾಗುವವರೆಗೂ ಅಲ್ಲೇ ಇದ್ದೆ. ನನ್ನದೇ ಸಣ್ಣ ಅಂಗಡಿ ಆಯಿತು, ಮದುವೆ ಆಯಿತು, ಮಗಳು ಸವಿತಾ ಹುಟ್ಟಿದಳು. ಹೆಂಡತಿ ಮಹಾದೇವಿ ತೀರಿಕೊಂಡ ಮೇಲೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ಸವಿತಾ ನನ್ನನ್ನು ನಾಶಿಕಕ್ಕೆ ಕರೆತಂದಳು. ಅಳಿಯನ ಮನೆಯಲ್ಲಿ ಕೂತು ಉಣ್ಣುವುದು ನಮ್ಮ ಕಡೆ ಅಷ್ಟು ಗೌರವದ ಮಾತಲ್ಲ. ಅಳಿಯ ಒಳ್ಳೆಯವನು, ಅದರ ಸುದ್ದಿ ತೆಗೆಯುವುದಿಲ್ಲ. ಆದರೂ ನಾನು ಚಹಾ ಕೇಳಬೇಕಾದರೆ ಒಂದು ಸಲ ಕೆಮ್ಮಿ ಕೇಳುತ್ತೇನೆ.

ಸಂಭಾಜಿನಗರ, ನಾಶಿಕ ಎರಡೂ ಒಂದೇ ರಾಜ್ಯದ ಊರುಗಳು, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಆದರೆ ನನಗೆ ಪರದೇಶಕ್ಕೆ ಬಂದ ಹಾಗಾಯಿತು. ಸಂಭಾಜಿನಗರದ ನಮ್ಮ ಓಣಿಯಲ್ಲಿ ಬೀದರಿನವರು, ಕಲಬುರಗಿಯವರು ತುಂಬಿದ್ದರು. ಬಿಸಿಲೂ ನಮ್ಮೂರಿನದೇ. ಅಂಗಡಿ ಕಟ್ಟೆಗೆ ಕುಳಿತರೆ ಕನ್ನಡ, ಮರಾಠಿ, ದಖನಿ ಮೂರೂ ಕಿವಿಗೆ ಬೀಳುತ್ತಿದ್ದವು, ಯಾವುದರಲ್ಲಿ ತಪ್ಪಿದರೂ ನಡೆಯುತ್ತಿತ್ತು. ನಾಶಿಕದಲ್ಲಿ ಏಳನೆಯ ಮಹಡಿ. ಇಗತಪುರಿ ಕಡೆಯಿಂದ ಬರುವ ತಣ್ಣನೆಯ ಗಾಳಿಗೆ ಕಿಟಕಿ ತೆರೆಯುವಂತಿಲ್ಲ. ನೆರೆಯವರು ನನ್ನ ಮರಾಠಿ ಕೇಳಿ "ಮರಾಠವಾಡ್ಯಾಚೇ ಕಾ?" ಎನ್ನುತ್ತಾರೆ, ಮರಾಠವಾಡಾದವರಾ ಎಂದು. ಅಲ್ಲ, ಕರ್ನಾಟಕದವನು ಎಂದರೆ "ಹಾಂ, ಬೆಂಗಳೂರು" ಎನ್ನುತ್ತಾರೆ. ಬೆಂಗಳೂರನ್ನು ನಾನು ನೋಡಿಲ್ಲ. ಪುಂಡಿ ಸೊಪ್ಪು ಕೇಳಲು ಹೋಗಿ ಮೊದಲ ವಾರ ಪಾಲಕ ತಂದೆ. ಅದಕ್ಕೆ ಇಲ್ಲಿ ಅಂಬಾಡಿ ಎನ್ನುತ್ತಾರೆ, ಆ ಮಾತು ಗೊತ್ತಿದ್ದೂ ನಾಲಿಗೆಗೆ ಬರಲಿಲ್ಲ. ಮೊಮ್ಮಗಳು ಅನ್ವಿ ನನ್ನ ಕನ್ನಡವನ್ನು ಪೂರ್ತಿ ತಿಳಿದುಕೊಂಡು ಪೂರ್ತಿ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ.

ಹೀಗೆ ಇದ್ದವನಿಗೆ ಬುಧವಾರ ಒಂದು ಸಿಕ್ಕಿತು. ಆ ಕಲ್ಲಿನ ಕಟ್ಟಡ ಚರ್ಚಿಗೆ ಸೇರಿದ ಕಲಾಕೇಂದ್ರ. ಶನಿವಾರ ಮಕ್ಕಳಿಗೆ ಚಿತ್ರಕಲೆ, ಅನ್ವಿಯನ್ನೂ ಸೇರಿಸಿದೆವು. ಹೆಂಗಸರು ಮಧ್ಯಾಹ್ನ ಕೂಡಿ ಹಳೆಯ ಸೀರೆಗಳ ಗೋಧಡಿ ಹೊಲಿಯುತ್ತಾರೆ, ಅಂದರೆ ನಮ್ಮ ಕೌದಿ. ಡಿಸೆಂಬರಿನಲ್ಲಿ ಬಿದಿರು ಕಡ್ಡಿಗೆ ಗಾಳಿಪಟದ ಕಾಗದ ಹಚ್ಚಿ ನಕ್ಷತ್ರ ಮಾಡುತ್ತಾರೆ. ಯೇಸು ಹುಟ್ಟಿದ ಗೋದಲಿಯನ್ನು ಕಟ್ಟಿದಾಗ ಹಿಂದಿನ ಪರದೆಯ ಮೇಲೆ ನಾಶಿಕದ ಹಳೆಯ ವಾಡೆಯನ್ನೇ ಬರೆದಿದ್ದರು, ದನ ಮಾತ್ರ ನಮ್ಮ ದೇವಣಿ ಆಕಳಿನ ಹಾಗಿತ್ತು. ಅದನ್ನು ಅನ್ವಿ ನನ್ನನ್ನು ಕೇಳಿ ಕೇಳಿ ಬರೆದಿದ್ದಳು. ಆ ಹಬ್ಬಕ್ಕೆ ಅವರು ಮಾಡುವ ಕರಂಜಿ ನಮ್ಮ ಕರಿಗಡಬೇ. ನನಗಾಗಿ ಬೇರೆ ಎಣ್ಣೆಯಲ್ಲಿ ಕರಿದು ಬೇರೆ ಡಬ್ಬಿಯಲ್ಲಿ ಇಟ್ಟಿದ್ದರು. ಬುಧವಾರ ಭಜನೆ. ಇಲ್ಲಿಯ ಮರಾಠಿ ಕ್ರೈಸ್ತರು ಹಿಂದಿನಿಂದಲೂ ಅಭಂಗ, ಕೀರ್ತನೆಯ ಧಾಟಿಯಲ್ಲೇ ತಮ್ಮ ದೇವರನ್ನು ಹಾಡುತ್ತಾ ಬಂದವರು ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಮಹಾರಾಷ್ಟ್ರದಲ್ಲಿ ಇದ್ದೂ ಗೊತ್ತಿರಲಿಲ್ಲ.

ಹಾರ್ಮೋನಿಯಂನ ಹೆಂಗಸು ಮಾರ್ಥಾಬಾಯಿ, ಭಜನಮಂಡಳಿಯ ಮುಖ್ಯಸ್ಥೆ, ನಿವೃತ್ತ ಶಾಲಾ ಶಿಕ್ಷಕಿ. ತಂದೆ ಇಗತಪುರಿಯಲ್ಲಿ ರೈಲ್ವೆ ನೌಕರ. ಅಲ್ಲಿಯ ಮಳೆಯಲ್ಲಿ ಹುಟ್ಟಿದ್ದರಿಂದ ತಮಗೆ ದನಿ ಏರಿಸಿ ಮಾತಾಡುವುದೇ ರೂಢಿ ಎನ್ನುತ್ತಿದ್ದರು. ಅವರ ಮಂಡಳಿಯಲ್ಲಿ ಒಂದು ಪದ್ಧತಿ ಇದೆ. ಪಾವಣ್ಯಾರಿಗೆ, ಅಂದರೆ ಅತಿಥಿಗಳಿಗೆ, ಕುರ್ಚಿ, ಮನೆಯವರಿಗೆ ಸತರಂಜಿ. ಮೊಣಕಾಲು ಎಷ್ಟೇ ನೋಯಲಿ, ಮಂಡಳಿಯವರು ಕೆಳಗೇ ಕುಳಿತುಕೊಳ್ಳಬೇಕು. ಆಗದವರು ಗೋಡೆಗೆ ಒರಗಬಹುದು. ಪಾವಣ್ಯಾರು ಹೊರಡುವಾಗ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟು ಸತ್ಕಾರ ಮಾಡುತ್ತಾರೆ. ಮನೆಯವರಿಗೆ ಏನೂ ಇಲ್ಲ. "ಮನೆಯವರಿಗೆ ಕಪ್ಪು ಬಸಿ ತೊಳೆಯೋ ಸತ್ಕಾರ" ಎನ್ನುತ್ತಿದ್ದರು ಮಾರ್ಥಾಬಾಯಿ.

ಆ ಮೊದಲ ಸಂಜೆಯ ನಂತರದ ಎರಡು ಬುಧವಾರ ನನಗೆ ಕುರ್ಚಿ ಹಾಕಿದರು. ಮೂರನೆಯ ಸಲ ನಾನು ಪಖವಾಜ ತೊಡೆಯ ಮೇಲೆ ಎಳೆದುಕೊಂಡೆ. ಹುಡುಗನಾಗಿದ್ದಾಗ ಮಠದ ಭಜನೆಯಲ್ಲಿ ಬಾರಿಸಿದ್ದೇ ಕೊನೆ, ಆಮೇಲೆ ಅಂಗಡಿ ಎಲ್ಲವನ್ನೂ ತಿಂದಿತ್ತು. ಪಖವಾಜದ ಎಡಬದಿಗೆ ಗೋಧಿ ಹಿಟ್ಟಿನ ಕಣಕ ಮೆತ್ತದೆ ಅದು ಗುಂ ಎನ್ನುವುದಿಲ್ಲ. ಮಾರ್ಥಾಬಾಯಿ ಹಿಟ್ಟು, ನೀರು ತಂದು ನನ್ನ ಮುಂದಿಟ್ಟರು. ನಾನು ನಾದಿ, ಮೆತ್ತಿ, ಒಂದು ಸಲ ಅಂಗೈ ಊರಿದೆ. ಕೋಣೆ ಗುಂ ಎಂದಿತು. ಆ ದಿನ ಭಜನೆ ಮುಗಿದ ಮೇಲೆ ಅವರು ನನ್ನ ಕುರ್ಚಿಯನ್ನು ಮಡಚಿ ಬಾಗಿಲ ಹಿಂದೆ ಇಟ್ಟರು. "ಇವತ್ತಿನಿಂದ ಅಪ್ಪಾಗೆ ಕುರ್ಚಿ ಬಂದ್. ಏಳ್ರಿ, ಕಪ್ಪು ತೊಳೀರಿ."

ನಾನು ತೊಳೆದೆ. ನಾಶಿಕದಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು.

ಅವರು ಯಾರೂ ನನ್ನ ದೇವರ ಸುದ್ದಿಗೆ ಬರಲಿಲ್ಲ. ನನ್ನ ಕೊರಳಲ್ಲಿ ಲಿಂಗ ಇದ್ದಲ್ಲೇ ಇತ್ತು. ಪ್ರಾರ್ಥನೆಯ ಹೊತ್ತಿಗೆ ಅವರು ತಲೆ ಬಾಗಿಸಿದರೆ ನಾನು ಅಂಗಿಯ ಮೇಲಿನಿಂದ ಲಿಂಗ ಹಿಡಿದುಕೊಂಡು ನಮ್ಮ ಮಂತ್ರ ಹೇಳಿಕೊಳ್ಳುತ್ತಿದ್ದೆ. ಒಂದು ಸಲ ನಮ್ಮ ಕಡೆಯ ತತ್ವಪದದ ಒಂದು ಧಾಟಿ ಹಾಡಿ ತೋರಿಸಿದೆ. ಮಾರ್ಥಾಬಾಯಿ ಅದಕ್ಕೆ ತಮ್ಮ ಹಾಡಿನ ಮಾತು ಕೂಡಿಸಿದರು. "ಕರ್ನಾಟಕದ ಚಾಲ" ಎಂದು ಆ ಧಾಟಿಗೆ ಹೆಸರಾಯಿತು.

ಸವಿತಾಗೆ ಎಲ್ಲ ಗೊತ್ತಿತ್ತು. "ಹೋಗ್ರಿ ಅಪ್ಪಾಜಿ, ಮನ್ಯಾಗ ಟಿ.ವಿ. ನೋಡ್ಕೋತ ಕೂಡೂದಕ್ಕಿಂತ ಛಲೋ" ಎಂದಿದ್ದಳು. ನಾನು ಹೇಳದೆ ಇದ್ದದ್ದು ಸಂಭಾಜಿನಗರದಲ್ಲಿದ್ದ ಹೆಂಡತಿಯ ತಮ್ಮ ಶಿವರಾಜನಿಗೆ. ಅವನು ಅಲ್ಲಿಯ ನಮ್ಮ ಸಮಾಜದ ಹಿರಿಯ. ಅಕ್ಕನ ಗಂಡನೆಂದು ನನ್ನನ್ನು ದಾಜಿ ಎಂದು ಕರೆಯುತ್ತಾನೆ.

"ದಾಜಿ, ಬುಧವಾರ ಸಂಜೀಕ ಫೋನ್ ಯಾಕ ಎತ್ತಂಗಿಲ್ಲ ನೀವು?"

"ಭಜನಿಗಿ ಹೋಗಿರ್ತೀನಪ್ಪ."

"ಯಾ ಗುಡ್ಯಾಗ್ರಿ?"

"ಹೀಂಗೇ, ಮನಿ ಬಾಜೂಕ."

ಯಾಕೆ ಮುಚ್ಚಿಟ್ಟೆ ಎಂಬುದನ್ನು ನಾನು ನೆಟ್ಟಗೆ ಹೇಳಬೇಕು. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಮಹಾದೇವಿಯ ಸಮಾಧಿ ಸಂಭಾಜಿನಗರದಲ್ಲಿ, ಸಮಾಜದ ರುದ್ರಭೂಮಿಯಲ್ಲಿ ಇದೆ. ಅವಳ ಬಲಕ್ಕೆ ಒಂದು ಜಾಗ ನನಗೆಂದು ಬಿಡಿಸಿದ್ದೇನೆ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟಿದೆ. ಆ ಭೂಮಿಯ ಉಸ್ತುವಾರಿ ಶಿವರಾಜನದು. ದಾಜಿ ಚರ್ಚಿಗೆ ಹೋಗುತ್ತಾರಂತೆ ಎಂಬ ಮಾತು ಓಣಿಯಲ್ಲಿ ಬಿದ್ದರೆ, ಆ ನಾಲ್ಕು ಕಲ್ಲು ಎದ್ದು ಹೋದಾವು ಎಂಬ ಭಯ ನನಗೆ. ಯಾರಾದರೂ ಹಾಗೆ ಹೆದರಿಸಿದ್ದರೇ? ಇಲ್ಲ. ನಾನೇ ಹುಟ್ಟಿಸಿಕೊಂಡ ಭಯ.

ಕಳೆದ ಚಳಿಗಾಲದಲ್ಲಿ ಸಂಭಾಜಿನಗರದಲ್ಲಿ ಭಜನಮಂಡಳಿಗಳ ಒಂದು ಕೂಟ ನಡೆಯಿತು. ಬೇರೆ ಬೇರೆ ಧರ್ಮದವರನ್ನು ಕರೆದಿದ್ದರು. ನಮ್ಮ ಮಂಡಳಿಗೂ ಕರೆ ಬಂತು. ಮಾರ್ಥಾಬಾಯಿ ನನ್ನನ್ನು ಬದಿಗೆ ಕರೆದು ಕೇಳಿದರು: "ಅಪ್ಪಾ, ಅದು ನಿಮ್ಮ ಊರು. ನಿಮಗೆ ಅಡಚಣೆ ಇದ್ದರೆ ಈಗಲೇ ಹೇಳಿ, ಪಖವಾಜ ಇಲ್ಲದೆ ಹಾಡುತ್ತೇವೆ. ಬೇಸರ ಇಲ್ಲ."

ಅವರು ಕೇಳಿದ್ದರು. ಬಾಗಿಲು ತೆರೆದಿಟ್ಟು ಕೇಳಿದ್ದರು. ನಾನು ಎದೆ ಉಬ್ಬಿಸಿ "ಅಡಚಣೆ ಎಂಥದ್ದು? ನಮ್ಮ ಊರಿನಲ್ಲಿ ನಮ್ಮ ಮಂಡಳಿ" ಎಂದೆ. ಅಷ್ಟು ದೊಡ್ಡ ಊರಿನಲ್ಲಿ ನನ್ನನ್ನು ಯಾರು ಗುರುತಿಸುತ್ತಾರೆ ಎಂದು ಒಳಗೊಳಗೆ ಅಂದುಕೊಂಡಿದ್ದೆ.

ಟೆಂಪೊದಲ್ಲಿ ಹೊರಟೆವು. ದಾರಿಯುದ್ದಕ್ಕೂ ಚಿವಡಾ, ಹಾಡು, ನನ್ನ ಮರಾಠಿಯ ಅಣಕ. ವೈಜಾಪುರ ದಾಟಿದ ಮೇಲೆ ಬಯಲು ಶುರುವಾಯಿತು, ನನಗೆ ಉಸಿರು ಸಲೀಸಾಯಿತು. ಸಭಾಗೃಹದ ಹಿಂದಿನ ವರಾಂಡದಲ್ಲಿ ಕುಳಿತು ಮಾರ್ಥಾಬಾಯಿ ಪಖವಾಜಕ್ಕೆ ಹಿಟ್ಟು ನಾದುತ್ತಿದ್ದರು. ಅವತ್ತು ನನ್ನ ಕೈಗಳು ಚಳಿಗೆ ಸೆಟೆದಿದ್ದವು, "ಕೊಡಿ ಇಲ್ಲಿ, ನಿಮ್ಮ ಕೈ ಬಾರಿಸುವುದಕ್ಕೆ ಉಳೀಲಿ" ಎಂದು ತಾವೇ ಕಿತ್ತುಕೊಂಡಿದ್ದರು.

ಆಗ ಹಿಂದಿನಿಂದ ಕೂಗು ಬಂತು. "ದಾಜೀ! ಏನ್ರಿ, ಹೇಳಲಾರದೆ ಕೇಳಲಾರದೆ ಊರಿಗಿ ಬಂದೀರಿ!"

ಶಿವರಾಜ. ತಲೆಗೆ ಪಟಗಾ ಸುತ್ತಿಕೊಂಡು, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಜೊತೆಗೆ ಸಮಾಜದ ಇಬ್ಬರು ಹಿರಿಯರು. ನಮ್ಮ ಸಮಾಜದ ಹೆಂಗಸರ ಮಂಡಳಿಗೂ ಆ ಕೂಟದಲ್ಲಿ ಹಾಡು ಇತ್ತಂತೆ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವನು ನನ್ನ ಕಾಲಿಗೆ ಬಿದ್ದು ಎದ್ದ. ಸುತ್ತಲೂ ನೋಡಿದ. ಹೆಂಗಸರ ಕೊರಳಲ್ಲಿ ಸಣ್ಣ ಶಿಲುಬೆಗಳು. ಮಾರ್ಥಾಬಾಯಿಯ ಕಡೆ ತಿರುಗಿ ನಗುತ್ತಲೇ ಮರಾಠಿಯಲ್ಲಿ ಕೇಳಿದ: "ನಮ್ಮ ದಾಜಿ ನಿಮ್ಮವರು ಯಾವಾಗ ಆದರು, ತಾಯಿ?"

ತಮಾಷೆಗೆ ಕೇಳಿದ್ದ. ಈಗ ನೆನೆಸಿಕೊಂಡರೆ ಅದು ತಮಾಷೆಯೇ. ಮಾರ್ಥಾಬಾಯಿ ಬಾಯಿ ತೆರೆಯುವಷ್ಟರಲ್ಲಿ ನಾನು ಮರಾಠಿಯಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದೆ: "ಮೀ ಯಾಂಚ್ಯಾತಲಾ ನಾಹೀ. ಪಾಹುಣಾ ಆಹೇ." ನಾನು ಇವರ ಪೈಕಿ ಅಲ್ಲ, ಪಾವಣ್ಯಾ. ಅಷ್ಟಕ್ಕೇ ನಿಲ್ಲಲಿಲ್ಲ. ಬಾರಿಸುವವರು ಸಿಗಲಿಲ್ಲವೆಂದು ಇವತ್ತೊಂದು ದಿನಕ್ಕೆ ಕರೆದಿದ್ದಾರೆ, ಇವರ ಪರಿಚಯವೂ ನನಗೆ ಅಷ್ಟಿಲ್ಲ ಎಂದೆ.

ಕರಂಜಿಗೆ ಬೇರೆ ಎಣ್ಣೆ ಇಟ್ಟವರು ಅಲ್ಲಿಯೇ ಇದ್ದರು. ನನ್ನ ಮರಾಠಿ ತಿದ್ದಿದವರು ಇದ್ದರು. ಮಾರ್ಥಾಬಾಯಿ ಕೈಯಲ್ಲಿದ್ದ ಹಿಟ್ಟನ್ನು ನೋಡಿದರು. ಆಮೇಲೆ ಶಿವರಾಜನಿಗೆ "ಹೌದು, ಪಾಹುಣೇ ಆಹೇತ" ಎಂದರು. ಹಿಟ್ಟಿನ ಮುದ್ದೆಯನ್ನು ನನ್ನ ಕೈಗೆ ಕೊಡದೆ ಬಟ್ಟಲಲ್ಲಿ ಇಟ್ಟು ನನ್ನ ಹತ್ತಿರ ಸರಿಸಿದರು.

ವೇದಿಕೆಯ ಮೇಲೆ ನಾನು ಬಾರಿಸಿದೆ. ಕರ್ನಾಟಕದ ಚಾಲಿನ ಹಾಡೂ ಆಯಿತು. ಕೈ ತಪ್ಪಲಿಲ್ಲ, ತಪ್ಪಿದ್ದರೆ ಚೆನ್ನಾಗಿತ್ತು. ಹಾಡು ಮುಗಿದ ಮೇಲೆ ಮಾರ್ಥಾಬಾಯಿ ಧ್ವನಿವರ್ಧಕ ಹಿಡಿದರು. ಕೂಟ ನಡೆಸಿದವರ ಮುಖ್ಯಸ್ಥರಿಗೆಂದು ನಾಶಿಕದಿಂದ ಒಂದು ಶಾಲು, ತೆಂಗಿನಕಾಯಿ ತಂದಿದ್ದರು. ಅದನ್ನು ಕೈಗೆತ್ತಿಕೊಂಡು, "ಇವತ್ತು ನಮಗೆ ಪಖವಾಜದ ಸಾಥ ಕೊಟ್ಟ ನಮ್ಮ ಪಾಹುಣೇ ವೈಜನಾಥ ಅಪ್ಪಾ ಅವರ ಸತ್ಕಾರ" ಎಂದರು.

ನನ್ನ ಸುಳ್ಳನ್ನು ನನ್ನ ಊರಿನವರ ಮುಂದೆ ಅವರೇ ನಿಜ ಮಾಡಿಕೊಟ್ಟರು. ನಾನು ತಲೆ ಬಗ್ಗಿಸಿದೆ, ಶಾಲು ಹೊದಿಸಿದರು. ಕಾಯಿ ಕೊಡುವಾಗ ಅವರ ಬೆರಳುಗಳಲ್ಲಿ ಹಿಟ್ಟು ಒಣಗಿ ಅಂಟಿತ್ತು. ಮೊದಲ ಸಾಲಿನಲ್ಲಿ ಶಿವರಾಜ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ.

ಮರಳುವಾಗ ನನ್ನನ್ನು ಡ್ರೈವರನ ಪಕ್ಕದ ಸೀಟಿನಲ್ಲಿ ಕೂರಿಸಿದರು. ಅದು ಪಾವಣ್ಯಾರ ಸೀಟು. ಚಿವಡಾ ನನಗೆ ಬೇರೆ ಕಾಗದದಲ್ಲಿ ಬಂತು. ಯಾರೂ ನನ್ನ ಮರಾಠಿಯನ್ನು ಆಡಿಕೊಳ್ಳಲಿಲ್ಲ. ಒಬ್ಬರೂ ಒಂದು ಕೆಟ್ಟ ಮಾತು ಆಡಲಿಲ್ಲ. ಮನೆಯ ಮುಂದೆ ಇಳಿಸಿ, ಪಖವಾಜ ನಾವು ಒಯ್ಯುತ್ತೇವೆ, ನೀವು ದಣಿದಿದ್ದೀರಿ ಎಂದರು.

ಆಮೇಲೆ ಬಹಳ ಬುಧವಾರ ನಾನು ಹೋಗಲಿಲ್ಲ. ಅನ್ವಿಯನ್ನು ಶನಿವಾರ ಗೇಟಿನವರೆಗೆ ಬಿಟ್ಟು ಬರುತ್ತಿದ್ದೆ. ಸತ್ಕಾರದ ಕಾಯಿ ಅಡುಗೆಮನೆಯಲ್ಲಿ ಕುಳಿತಿತ್ತು. ಸವಿತಾ ಚಟ್ನಿಗೆ ಒಡೆಯಲು ಹೋದರೆ "ಅದು ಬಿಡು, ಬ್ಯಾರೆ ತಾ" ಎನ್ನುತ್ತಿದ್ದೆ. ಒಂದು ದಿನ ಅನ್ವಿ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಆಜೋಬಾ, ಪಾಣೀ ಸಂಪಲಂ. ಆತಾ ವಾಜತ ನಾಹೀ" ಎಂದಳು, ಅಜ್ಜ, ನೀರು ಮುಗಿಯಿತು, ಇನ್ನು ಸದ್ದಾಗುವುದಿಲ್ಲ ಎಂದು. ಅವತ್ತು ಸವಿತಾಗೆ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. "ಅವ್ವ ಇದ್ದಿದ್ರ ನಿಮಗ ಏನಂತಿದ್ಳು?" ಎಂದಷ್ಟೇ ಕೇಳಿದಳು. ನಾನು ಶಿವರಾಜನಿಗೆ ಫೋನು ಹಚ್ಚಿದೆ.

"ಶಿವರಾಜ, ಅವತ್ತ ನಾ ಪಾವಣ್ಯಾ ಅಂತ ಹೇಳಿದ್ದು ಸುಳ್ಳು. ನಾ ಅವರ ಮಂಡಳ್ಯಾಗ ಬಾರಸ್ತೀನಿ. ವಾರಾ ವಾರಾ ಹೋಗ್ತಿದ್ದೆ."

ಅವನು ನಕ್ಕ. "ದಾಜಿ, ಅನ್ವಿ ವಿಡಿಯೊ ಹಾಕಿದ್ಳಲ್ರಿ, ದೀಪಾವಳಿ ಮುಂಚೇನ. ಶಿಲುಬಿ ಮುಂದ ಕುಂತು ನೀವು ಪಖವಾಜ ಬಾರಸೂದು. ನಮ್ಮ ಮನ್ಯಾಗ ಎಲ್ಲಾರೂ ನೋಡೀವಿ. ನಾ ಚ್ಯಾಷ್ಟಿ ಮಾಡಿದ್ರ ನೀವು ಹಂಗ್ಯಾಕ ಬೆದರಿದ್ರಿ?"

"ನಿಮ್ಮ ಅಕ್ಕನ ಬಾಜೂ ನನ್ನ ಜಾಗ..." ಎಂದೆ.

"ಅದರ ಮಾತ ಯಾಕ ತೆಗೀತೀರಿ? ಆ ಕಲ್ಲು ಯಾರ್ ಮುಟ್ತಾರ? ಮುಟ್ಲಿಕ್ಕೆ ನಾ ಬಿಡ್ತೀನೇನು?" ಎಂದ. ಬಳಿಕ ದನಿ ತಗ್ಗಿಸಿ, "ಆದರ ಆ ತಾಯಿ ಮುಂದ ನೀವು ಹಂಗ ಅನಬಾರ್ದಿತ್ತು, ದಾಜಿ. ನನಗೂ ಅವತ್ತ ಛಲೋ ಅನಿಸ್ಲಿಲ್ಲ. ಚಪ್ಪಾಳಿ ಹೊಡ್ದು ಮುಚ್ಚಿದೆ" ಎಂದ.

ಮುಂದಿನ ಬುಧವಾರ ಕಾಯಿ ಹಿಡಿದುಕೊಂಡು ಕೇಂದ್ರಕ್ಕೆ ಹೋದೆ. ನನ್ನನ್ನು ಕಂಡ ಕೂಡಲೇ ಮಾರ್ಥಾಬಾಯಿ ಎದ್ದು, ಬಾಗಿಲ ಹಿಂದಿದ್ದ ಕುರ್ಚಿ ತೆಗೆದು ಬಿಡಿಸಿ ಹಾಕಿದರು. ಸೆರಗಿನಿಂದ ಧೂಳು ಒರೆಸಿದರು. ಸತರಂಜಿಯ ಮೇಲೆ ಪಖವಾಜದ ಮುಂದೆ ಅವರ ಸೊಸೆ ಸುನಿತಾ ಕುಳಿತಿದ್ದಳು, ಮೊಬೈಲು ನೋಡಿಕೊಂಡು ಕಲಿಯುತ್ತಿದ್ದಾಳಂತೆ.

ನಾನು ನಿಂತುಕೊಂಡೇ "ತಪ್ಪಾಯಿತು, ಬಾಯಿ. ಅವತ್ತು ಸುಳ್ಳು ಹೇಳಿದೆ" ಎಂದೆ.

"ನೀವು ಸುಳ್ಳು ಎಲ್ಲಿ ಹೇಳಿದಿರಿ, ಅಪ್ಪಾ?" ಎಂದರು. ಸಿಟ್ಟು ಇರಲಿಲ್ಲ. "ನೀವು ಪಾಹುಣೇ ಅಂತ ನಿಮಗೆ ಮೊದಲೇ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ, ಅಷ್ಟೇ."

ನಾನು ಕಾಯಿ ಚಾಚಿದೆ. ಅವರು ಎರಡೂ ಕೈಯಿಂದ ತೆಗೆದುಕೊಂಡು, "ಪಾಹುಣೇ ಕಾಯಿ ತಂದಿದ್ದಾರೆ" ಎಂದು ಒಳಗೆ ಕಳಿಸಿದರು. ಒಣಗಿದ ಕೊಬ್ಬರಿ ಕರಂಜಿಯ ಹೂರಣಕ್ಕೆ ಆಯಿತಂತೆ. ಕುರ್ಚಿಯ ಮೇಲೆ ಕುಳಿತೆ.

ಅಂದಿನಿಂದ ಒಂದು ಬುಧವಾರವೂ ತಪ್ಪಿಸಿಲ್ಲ. ಕುರ್ಚಿ ತಪ್ಪಿಲ್ಲ. ನನ್ನ ಮೊಣಕಾಲಿಗೆ ಅದು ಹಿತವೇ, ಆದರೆ ಮನಸ್ಸಿಗೆ ಮುಳ್ಳು. ಕಪ್ಪು ತೊಳೆಯಲು ಎದ್ದರೆ ಯಾರಾದರೂ ಬಂದು ಕೈಯಿಂದ ತೆಗೆದುಕೊಳ್ಳುತ್ತಾರೆ, ಬಹಳ ಮರ್ಯಾದೆಯಿಂದ. ಸುನಿತಾಳ ಎಡಗೈ ಇನ್ನೂ ಕೂತಿಲ್ಲ. ಅವಳು ಕಣಕವನ್ನು ಗಟ್ಟಿಯಾಗಿ ನಾದುತ್ತಾಳೆ, ಅರ್ಧ ಹಾಡಿಗೆ ಅದು ಬಿರಿದು ಉದುರುತ್ತದೆ. ಹೇಳಲೋ ಬೇಡವೋ ಎಂದು ಎಷ್ಟೋ ವಾರ ತುಟಿ ಕಚ್ಚಿಕೊಂಡು ಕುಳಿತೆ. ಹೋದ ತಿಂಗಳು ಅದು ಮತ್ತೆ ಉದುರಿದಾಗ, ಮಾರ್ಥಾಬಾಯಿ ಹಾಡು ನಿಲ್ಲಿಸದೆಯೇ ಹಿಟ್ಟಿನ ಬಟ್ಟಲನ್ನು ಕಾಲಿನಿಂದ ನನ್ನ ಕುರ್ಚಿಯ ಕಡೆ ತಳ್ಳಿದರು. ನನ್ನ ಮುಖ ನೋಡಲಿಲ್ಲ. ನಾನು ಬಟ್ಟಲನ್ನು ತೊಡೆಯ ಮೇಲೆ ಇಟ್ಟುಕೊಂಡು ನಾದಿದೆ. ಈಗ ವಾರವೂ ಅದೇ ನನ್ನ ಕೆಲಸ. ನಾದುವುದು ನಾನು, ಬಾರಿಸುವುದು ಸುನಿತಾ.

ಊರ ಕಡೆಯ ಓದುಗರಿಗೆ ಇದನ್ನು ಬರೆಯಲು ಕಾರಣ ಇದೆ. ಆ ಮಾತನ್ನು ನಾನು ನಮ್ಮವರು ಕೇಳಲಿ ಎಂದು ಗಟ್ಟಿಯಾಗಿ ಹೇಳಿದ್ದೆ. ಅದನ್ನು ಹಿಂದೆ ತೆಗೆದುಕೊಳ್ಳುವುದೂ ನಮ್ಮವರಿಗೆ ಕೇಳಬೇಕು. ಈ ಪತ್ರಿಕೆ ಸಂಭಾಜಿನಗರದ ನಮ್ಮ ಓಣಿಗೂ ಹೋಗುತ್ತದೆ. ಅವತ್ತು ಶಿವರಾಜನ ಜೊತೆಗಿದ್ದ ಹಿರಿಯರಿಬ್ಬರೂ ಓದುತ್ತಾರೆ. ಅವರು ಏನಾದರೂ ಅನ್ನಲಿ. ನಾನು ಪಾವಣ್ಯಾ ಆಗಿರಲಿಲ್ಲ. ಆ ಮಂಡಳಿಯವನಾಗಿದ್ದೆ, ಕಪ್ಪು ತೊಳೆಯುವವನಾಗಿದ್ದೆ. ಅಚ್ಚಾದ ಮೇಲೆ ಇದನ್ನು ಕೇಂದ್ರಕ್ಕೆ ಒಯ್ದು ಮರಾಠಿಯಲ್ಲಿ ಓದಿ ಹೇಳಬೇಕು. ಅದಕ್ಕೆ ಧೈರ್ಯ ಬರುತ್ತದೋ ಇಲ್ಲವೋ ಗೊತ್ತಿಲ್ಲ.

ಸಂಭಾಜಿನಗರದಲ್ಲಿ ಮಹಾದೇವಿಯ ಬಲಕ್ಕೆ ನಾಲ್ಕು ಕಲ್ಲಿನ ನಡುವೆ ನನ್ನ ಜಾಗ ಹಾಗೆಯೇ ಇದೆ. ಅದು ಹೋದೀತೆಂದು ಹೆದರಿ, ಉಸಿರಿರುವವರೆಗೆ ಕೂರಬಹುದಾಗಿದ್ದ ಇಲ್ಲಿಯ ಜಾಗವನ್ನು ಕಳೆದುಕೊಂಡೆ. ಅಲ್ಲಿಗೆ ಹೋದಾಗ ಬುಧವಾರ ಸಂಜೆ ಬೆರಳು ತಾನಾಗಿ ಹಿಟ್ಟು ಹುಡುಕುತ್ತದೆ. ಇಲ್ಲಿ ಕುರ್ಚಿಯ ಮೇಲೆ ಕುಳಿತಾಗ ಆ ಕಲ್ಲುಗಳು ಕಣ್ಣ ಮುಂದೆ ಬರುತ್ತವೆ.

ಹೋದ ಬುಧವಾರ ನಾದಿದ ಕಣಕವನ್ನು ಸುನಿತಾಳಿಗೆ ಕೊಡಲು ಕುರ್ಚಿಯಿಂದ ಬಗ್ಗಿದೆ. ಸ್ವಲ್ಪ ಹೆಚ್ಚೇ ಬಗ್ಗಿದೆನೋ ಏನೋ, ಕುರ್ಚಿಯ ಹಿಂದಿನ ಕಾಲು ಮೇಲೆದ್ದವು. ಮಾರ್ಥಾಬಾಯಿ ಹಾರ್ಮೋನಿಯಂ ಮೇಲಿನಿಂದ ಕೈ ತೆಗೆಯದೆ, ಬಹಳ ತಿಂಗಳ ಮೇಲೆ ಆ ಇಗತಪುರಿಯ ದನಿಯಲ್ಲಿ ಕೂಗಿದರು: "ಸಾವಕಾಶ ಅಪ್ಪಾ, ಬಿದ್ದರೆ ಸತರಂಜಿ ಹರಿದೀತು!"

ಎಲ್ಲರೂ ನಕ್ಕರು. ನಾನು ಕುರ್ಚಿಯಲ್ಲಿ ಹಿಂದೆ ಸರಿದು ಕುಳಿತೆ. ಹಿಟ್ಟು ಅಂಟಿದ ಕೈಯನ್ನು ಒರೆಸಿಕೊಳ್ಳಲಿಲ್ಲ.